ನಕ್ಷೆ ದಿವಾನರದು, ಲೆಕ್ಕ ಪುರಸಭೆಯದು

1862ರ ಮಾರ್ಚ್ 27ರಂದು ಬೆಂಗಳೂರು ಪೇಟೆಯ ಒಂಬತ್ತು ಮಂದಿ ಪ್ರಮುಖರು ಸೇರಿ ಒಂದು ಮುನಿಸಿಪಲ್ ಬೋರ್ಡು ಕಟ್ಟಿಕೊಂಡರು. 1850ರ ಪಟ್ಟಣ ಸುಧಾರಣೆ ಕಾಯ್ದೆ ಅದಕ್ಕೆ ಆಧಾರ. ಮೈಸೂರು ಸಂಸ್ಥಾನ ಆಗ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. ಕಾಲು ಶತಮಾನಕ್ಕೂ ಮಿಕ್ಕಿ ಆ ಗಾದಿಯಲ್ಲಿದ್ದ ಮಾರ್ಕ್ ಕಬ್ಬನ್ ಹಿಂದಿನ ವರ್ಷವಷ್ಟೇ ಬಿಟ್ಟು ಹೊರಟಿದ್ದರು. ಹೊಸದಾಗಿ ಬಂದ ಲೆವಿನ್ ಬೌರಿಂಗ್‌ಗೆ ಊರಾಡಳಿತವನ್ನು ಇಲಾಖೆ, ರೂಲು, ರಿಜಿಸ್ಟರುಗಳ ಚೌಕಟ್ಟಿಗೆ ತರುವ ಆತುರ. ಅದೇ ವರ್ಷ ದಂಡು ಪ್ರದೇಶಕ್ಕೂ ಇಂಥದೇ ಇನ್ನೊಂದು ಬೋರ್ಡು ಬಂತು. ಹೀಗೆ ಒಂದೇ ಊರಿಗೆ ಎರಡು ಸಭೆಗಳಾದವು. ಆಚೆ ಕಂಟೋನ್ಮೆಂಟು, ಈಚೆ ಕೆಂಪೇಗೌಡರ ಪೇಟೆ. ಇವೆರಡೂ ಒಂದಾಗಲು ಮುಂದೆ 87 ವರ್ಷ ಹಿಡಿಯಿತು.

ಅದಕ್ಕೂ ಮುಂಚೆ ಪೇಟೆಯಲ್ಲಿ ತೀರ್ಮಾನಗಳೇ ಆಗುತ್ತಿರಲಿಲ್ಲ ಎಂದಲ್ಲ. ವ್ಯಾಪಾರದ ತಕರಾರನ್ನು ಶೆಟ್ಟರು ಬಗೆಹರಿಸುತ್ತಿದ್ದರು, ಕುಲದ ತಕರಾರನ್ನು ಕಟ್ಟೆಮನೆಯ ಯಜಮಾನರು. ಕಳ್ಳಕಾಕರ ವಿಚಾರ ಕೊತ್ವಾಲನದು, ಕೆರೆಯ ತೂಬಿನ ವಿಚಾರ ನೀರುಗಂಟಿಯದು. ಇವರೆಲ್ಲರ ಅಧಿಕಾರ ಬಂದದ್ದು ಪರಂಪರೆಯಿಂದ, ಇಲ್ಲವೇ ಅರಮನೆಯಿಂದ. ಬೋರ್ಡಿನದು ಹೊಸ ಬಗೆ. ಬೇರೆ ಬೇರೆ ಕುಲ, ಕಸುಬುಗಳ ಜನ ಒಂದು ಮೇಜಿನ ಸುತ್ತ ಕೂತು, ವಿಷಯ ಮಂಡಿಸಿ, ಠರಾವು ಮಾಡಿ, ನಡವಳಿ ಪುಸ್ತಕದಲ್ಲಿ ಬರೆಸಿ ರುಜು ಹಾಕಬೇಕು. ಖರ್ಚು ಮಾಡಬೇಕಾದರೆ ಊರಿನಿಂದಲೇ ಹಣ ಎತ್ತಬೇಕು.

ಆ ಹಣ ಮುಖ್ಯವಾಗಿ ಬರುತ್ತಿದ್ದದ್ದು ಊರೊಳಗೆ ಬರುವ ಸರಕಿನ ಮೇಲಿನ ಸುಂಕದಿಂದ, ಅಂದರೆ ಆಕ್ಟ್ರಾಯ್‌ನಿಂದ. ಜೊತೆಗೆ ಮನೆ, ಅಂಗಡಿ, ಮಗ್ಗಗಳ ಮೇಲೆ ಬೀಳುತ್ತಿದ್ದ ಹಳೆಯ ಮೊಹತರ್ಫಾ ತೆರಿಗೆ. ಖರ್ಚಿನ ಬಾಬತ್ತು ಮೋರಿ, ರಸ್ತೆ, ದೀಪ, ಕಸ. ಪೇಟೆಯ ವರ್ತಕರಿಗೆ ಇದು ಇಕ್ಕಟ್ಟಿನ ವ್ಯವಸ್ಥೆ. ಸಭೆಯಲ್ಲಿ ಕೂತವರಲ್ಲೇ ಹಲವರು ಸುಂಕದ ಗೇಟಿನಲ್ಲಿ ದುಡ್ಡು ಕಟ್ಟುವವರು. ಸುಂಕ ಏರಿಸಿದರೆ ತಮ್ಮ ಅಂಗಡಿಗೇ ಪೆಟ್ಟು, ಏರಿಸದಿದ್ದರೆ ತಮ್ಮ ಬೀದಿಯ ಮೋರಿಯೇ ನಾರುತ್ತದೆ. ಬೆಂಗಳೂರಿನ ಪೌರಾಡಳಿತ ಹುಟ್ಟಿದ್ದೇ ಈ ಜಗ್ಗಾಟದಲ್ಲಿ.

ಧರ್ಮಾಂಬುಧಿಯ ನೀರು

ಆ ಪೇಟೆಗೆ ಕುಡಿಯುವ ನೀರು ಕೊಡುತ್ತಿದ್ದದ್ದು ವಾಯವ್ಯ ದಿಕ್ಕಿನ ಧರ್ಮಾಂಬುಧಿ ಕೆರೆ. ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಅದರ ಅಂಗಳದಲ್ಲಿ. ಏರಿಯ ಬದಿಗೆ ಅಣ್ಣಮ್ಮ ದೇವಿಯ ಗುಡಿ. ಕೆರೆಯ ತೂಬಿನಿಂದ ಹೊರಟ ನೀರು ಕಟ್ಟಿದ ಕಾಲುವೆಗಳಲ್ಲಿ ಹರಿದು ಪೇಟೆಯೊಳಗೆ ಬರುತ್ತಿತ್ತು. ಬೀದಿಗಳ ಗೊತ್ತಾದ ಜಾಗಗಳಲ್ಲಿ ಚಚ್ಚೌಕದ ತೊಟ್ಟಿಗಳು. ಹೆಂಗಸರು ಬಿಂದಿಗೆ ತುಂಬಿಕೊಳ್ಳುತ್ತಿದ್ದದ್ದು ಆ ತೊಟ್ಟಿಗಳಿಂದ. ತೂಬು ತೆರೆದ ಹೊತ್ತಿಗೆ ನೀರು, ಮುಚ್ಚಿದ ಮೇಲೆ ಇಲ್ಲ. ಮಳೆ ಕೈಕೊಟ್ಟ ವರ್ಷ ಕೆರೆಯ ತಳದ ಬಗ್ಗಡವೇ ಕಾಲುವೆ ಹಿಡಿದು ಬರುತ್ತಿತ್ತು.

1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರ ಈ ವ್ಯವಸ್ಥೆಯ ಬಡತನವನ್ನು ಎತ್ತಿ ತೋರಿಸಿತು. ಸುತ್ತಣ ಹಳ್ಳಿಗಳಿಂದ ಜನ ಊರೊಳಗೆ ನುಗ್ಗಿದರು, ಕೆರೆಗಳು ಬತ್ತಿದವು. ಕರ್ನಲ್ ರಿಚರ್ಡ್ ಸ್ಯಾಂಕಿಯ ಹೆಸರಿನ ಕೆರೆ 1882ರಲ್ಲಿ ಆದದ್ದು ಆ ಬರದ ಬೆನ್ನಲ್ಲೇ. ಆದರೆ ಬೆಳೆಯುತ್ತಿದ್ದ ಊರಿನ ಬಾಯಾರಿಕೆಗೆ ಕೆರೆ ನೀರಿನ ಕಾಲ ಮುಗಿದಿತ್ತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಮತ್ತು ಮುಖ್ಯ ಎಂಜಿನಿಯರ್ ಹಚಿನ್ಸ್ ಊರಿಂದ ಹದಿನೆಂಟು ಕಿಲೋಮೀಟರು ಆಚೆ, ಅರ್ಕಾವತಿಯ ಹೆಸರಘಟ್ಟದತ್ತ ನೋಡಿದರು. 1894ರಲ್ಲಿ ಚಾಮರಾಜೇಂದ್ರ ಜಲ ಕಾಮಗಾರಿಗೆ ಕೈಹಚ್ಚಲಾಯಿತು. 1896ರ ಆಗಸ್ಟ್‌ನಲ್ಲಿ ಕೊಳಾಯಿ ನೀರು ಬಂತು. ಎರಡೂವರೆ ಲಕ್ಷ ಜನಕ್ಕೆ ಸಾಲುವಂತೆ ಮಾಡಿದ್ದ ಯೋಜನೆ ಅದು. ಊರಿನಲ್ಲಿ ಆಗ, ದಂಡೂ ಸೇರಿ, ಇದ್ದವರು ಎರಡು ಲಕ್ಷಕ್ಕೂ ಕಡಿಮೆ.

ಹೆಸರಘಟ್ಟದ ಯೋಜನೆ ಹುಟ್ಟಿದ್ದು ಪುರಸಭೆಯ ಮೇಜಿನ ಮೇಲಲ್ಲ. ಅದು ದಿವಾನರ ಕಚೇರಿಯ, ಲೋಕೋಪಯೋಗಿ ಇಲಾಖೆಯ ಕೂಸು. ಹೊಳೆಯ ನೀರು ಎತ್ತುವ ಯಂತ್ರ, ಕೊಳವೆ, ಸಾಲದ ಮೊತ್ತ ಇವೆಲ್ಲ ಸುಂಕದ ಗೇಟಿನ ಆದಾಯ ನೆಚ್ಚಿದ ಸಭೆಯ ಅಳವಿಗೆ ಮೀರಿದ್ದವು ಎಂಬುದು ನಿಜ. ಆದರೆ ನೀರು ಬಂದ ಮೇಲೆ ಬೀದಿ ನಲ್ಲಿ ಎಲ್ಲಿ ನಿಲ್ಲಿಸಬೇಕು, ಚೆಲ್ಲಿದ ನೀರು ಎತ್ತ ಹೋಗಬೇಕು, ನೀರಿನ ತೆರಿಗೆ ವಸೂಲು ಮಾಡುವಾಗ ಬೈಸಿಕೊಳ್ಳುವವರು ಯಾರು ಎಂಬುದೆಲ್ಲ ಊರಿನ ಸಭೆಯ ಪಾಲಿಗೇ ಉಳಿಯುವ ಮಾತು. ಮನೆಮನೆಗೆ ನೀರು ಹರಿಯತೊಡಗಿದರೆ ಕೊಳಚೆಯೂ ಅಷ್ಟೇ ಹೆಚ್ಚುತ್ತದೆ. ಕೆರೆಯ ಕಾಲದ ಮೋರಿಗೆ ಕೊಳಾಯಿ ಕಾಲದ ನೀರು ಹಿಡಿಸುವುದಿಲ್ಲ.

ಧರ್ಮಾಂಬುಧಿಯ ಕತೆ ಮುಗಿದದ್ದೂ ಹೀಗೆ, ಯಾರೂ ಎದ್ದು ನಿಂತು ತೀರ್ಮಾನ ಹೇಳದೆ. 1880ರ ದಶಕದಲ್ಲಿ ಕೆರೆಯ ಪಶ್ಚಿಮ ಮಗ್ಗುಲಿನಲ್ಲಿ ಸಿಟಿ ರೈಲ್ವೆ ಸ್ಟೇಷನ್ ಬೆಳೆಯಿತು. ಮೈಸೂರಿನ ಹಾದಿ, ತುಮಕೂರಿನ ಹಾದಿ, ಮುಂದೆ ಹುಬ್ಬಳ್ಳಿಯವರೆಗಿನ ಹಾದಿ ಒಂದಾದ ಮೇಲೊಂದು ಬಂದವು. ರೈಲಿನ ಏರಿ, ರಸ್ತೆ, ಕಟ್ಟಡಗಳ ನಡುವೆ ಕೆರೆಗೆ ನೀರು ತರುತ್ತಿದ್ದ ಕಾಲುವೆಗಳು ದಾರಿ ಕಳೆದುಕೊಂಡವು. ಕೊಳಾಯಿ ನೀರು ಬಂದ ಮೇಲೆ ಕೆರೆ ತುಂಬಿತೋ ಇಲ್ಲವೋ ಎಂದು ನೋಡುವವರೂ ಕಡಿಮೆಯಾದರು. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಅದು ಬತ್ತಿ ಬಯಲಾಯಿತು. ಬಯಲು ಸಭೆ, ಪ್ರದರ್ಶನಗಳ ಮೈದಾನವಾಯಿತು. ಮೈದಾನ ಸುಭಾಷ್‌ನಗರವಾಯಿತು, ಸುಭಾಷ್‌ನಗರ ಬಸ್ ನಿಲ್ದಾಣವಾಯಿತು. ಪಕ್ಕದ ಮೆಜೆಸ್ಟಿಕ್ ಚಿತ್ರಮಂದಿರದ ಹೆಸರೇ ಇಡೀ ಪ್ರದೇಶಕ್ಕೆ ಅಂಟಿಕೊಂಡಿತು.

ಪೂರ್ವಕ್ಕಿದ್ದ ಸಂಪಂಗಿ ಕೆರೆಯ ವಿಚಾರದಲ್ಲಾದರೂ ಜಗಳವೊಂದು ದಾಖಲೆಗೆ ಸೇರಿತು. ಕೆರೆ ನೀರು ನಂಬಿ ಹೂವು, ತರಕಾರಿ ಬೆಳೆಯುತ್ತಿದ್ದ ತಿಗಳರು ಕೆರೆ ತುಂಬಿರಲಿ ಎಂದು ಅರ್ಜಿ ಹಾಕುತ್ತಿದ್ದರು. ಆಚೆ ದಂಡಿನ ಕಡೆಯ ಬಂಗಲೆಗಳವರಿಗೆ ಮಳೆಗಾಲದಲ್ಲಿ ಅಂಗಳಕ್ಕೆ ನೀರು ನುಗ್ಗುವ ಚಿಂತೆ, ಮಟ್ಟ ಇಳಿಸಿ ಎಂಬುದು ಅವರ ಅಹವಾಲು. ಒಣಗಿದ ಅಂಗಳ ಪೋಲೋ ಆಡಲು ಸಿಕ್ಕರೆ ದಂಡಿನವರಿಗೆ ಸಂತೋಷವೇ. ಎರಡು ಆಡಳಿತಗಳ ಗಡಿಯಲ್ಲಿದ್ದ ಕೆರೆ ಅದು. ಅರ್ಜಿ ಬರೆದದ್ದು ತೋಟದವರು, ಅಂಗಳ ದಕ್ಕಿದ್ದು ಆಟದವರಿಗೆ. ಕರಗದ ಶಾಸ್ತ್ರಕ್ಕೆಂದು ಒಂದು ಚಿಕ್ಕ ಕೊಳ ಉಳಿದು, ಮಿಕ್ಕದ್ದು ಕಂಠೀರವ ಕ್ರೀಡಾಂಗಣವಾಯಿತು.

ಕುರ್ಚಿಗಳು ಹೇಗೆ ಹಂಚಿಹೋಗಿದ್ದವು

1881ರಲ್ಲಿ ಬ್ರಿಟಿಷರು ಆಡಳಿತವನ್ನು ಒಡೆಯರಿಗೆ ಮರಳಿಸಿದರು. ಪೇಟೆಯ ಬೋರ್ಡು ಬೆಂಗಳೂರು ಸಿಟಿ ಮುನಿಸಿಪಾಲಿಟಿಯಾಗಿ ಮಹಾರಾಜರ ಸರ್ಕಾರದ ಕೆಳಗೆ ಬಂತು. ದಂಡು ಪ್ರದೇಶ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷರಲ್ಲೇ ಉಳಿಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ದಿವಾನ್ ರಂಗಾಚಾರ್ಲು 144 ಸದಸ್ಯರ ಪ್ರಜಾಪ್ರತಿನಿಧಿ ಸಭೆಯನ್ನು ಮೈಸೂರಿನಲ್ಲಿ ಸೇರಿಸಿದರು. ಮರುವರ್ಷ ಮೇ ತಿಂಗಳಲ್ಲಿ ವೈಸರಾಯ್ ರಿಪ್ಪನ್ ಸ್ಥಳೀಯ ಸ್ವಯಂಆಡಳಿತದ ನಿರ್ಣಯ ಹೊರಡಿಸಿದರು. ತಮ್ಮ ಊರಿನ ಮೋರಿ, ದೀಪಗಳನ್ನು ನೋಡಿಕೊಳ್ಳುತ್ತ ಜನ ಆಳ್ವಿಕೆಯ ವಿದ್ಯೆ ಕಲಿಯಲಿ ಎಂಬುದು ಅದರ ತಿರುಳು. ಆ ಗಾಳಿಯಲ್ಲೇ ಬೆಂಗಳೂರಿನ ಪುರಸಭೆಯ ಅರ್ಧದಷ್ಟು ಸದಸ್ಯರನ್ನು ಚುನಾಯಿಸಲು ಅವಕಾಶವಾಯಿತು. ಆಸ್ತಿ ತೆರಿಗೆಯೂ ಅದರೊಡನೆ ಬಂತು.

ಮತ ಇದ್ದದ್ದು ಆಸ್ತಿಯುಳ್ಳವರಿಗೆ, ತೆರಿಗೆ ಕಟ್ಟುವವರಿಗೆ, ಓದಿದವರಿಗೆ. ಬೀದಿ ಗುಡಿಸುವವರಿಗೆ, ಮಲ ಹೊರುವವರಿಗೆ, ಕೂಲಿಯವರಿಗೆ ಅದು ಇರಲಿಲ್ಲ. ಪುರಸಭೆಯ ಕೆಲಸ ನಡೆಯುತ್ತಿದ್ದದ್ದು ಅವರ ಮೈಮುರಿಯುವ ದುಡಿಮೆಯಿಂದಲೇ ಆದರೂ ನಡವಳಿಯಲ್ಲಿ ಅವರು ಬರುತ್ತಿದ್ದದ್ದು ಸಂಬಳದ ಬಾಬತ್ತಿನಲ್ಲಿ ಮಾತ್ರ. ಅಧ್ಯಕ್ಷರ ಕುರ್ಚಿ ಬಹುಕಾಲ ಸರ್ಕಾರಿ ಅಧಿಕಾರಿಗೆ ಮೀಸಲು. ಬಜೆಟ್ಟಾಗಲಿ, ಹೊಸ ತೆರಿಗೆಯಾಗಲಿ, ಉಪನಿಯಮವಾಗಲಿ ಸರ್ಕಾರದ ಒಪ್ಪಿಗೆ ಬರುವ ತನಕ ಬರೀ ಕಾಗದ. ಕೌನ್ಸಿಲರುಗಳು ಜನರ ಮುಂದೆ ಸರ್ಕಾರದವರು, ಸರ್ಕಾರದ ಮುಂದೆ ಜನ.

ಹಾಗಿದ್ದೂ ಈ ಸಭೆಗಳನ್ನು ಹಗುರವಾಗಿ ಕಾಣಬಾರದು. ನೋಟಿಸು ಕೊಟ್ಟು ವಿಷಯ ತರುವುದು, ಕೋರಂ ಇದೆಯೇ ಎಂದು ನೋಡುವುದು, ವಿರೋಧ ಇದ್ದರೆ ದಾಖಲು ಮಾಡಿಸುವುದು, ಕೈ ಎಣಿಸಿ ಸೋಲು ಒಪ್ಪಿಕೊಳ್ಳುವುದು ಇವೆಲ್ಲ ಪೇಟೆಯ ಬದುಕಿಗೆ ಹೊಸವು. ಜವಳಿ ವರ್ತಕ, ವಕೀಲ, ಮಂಡಿ ಸಾಹುಕಾರ, ನಿವೃತ್ತ ಅಮಲ್ದಾರ ಒಂದೇ ಮೋರಿಯ ಬಗ್ಗೆ ಒಂದೇ ನಿಯಮದಡಿ ವಾದಿಸಬೇಕಾಯಿತು. ಚರ್ಚೆಯ ವಿಷಯ ಕಿರಿದಾಗಿತ್ತು, ಚರ್ಚೆಯ ರೂಢಿ ಕಿರಿದಾಗಿರಲಿಲ್ಲ.

ರೈಲಿನಲ್ಲಿ ಬಂದ ಪ್ಲೇಗು

1896ರಲ್ಲಿ ಬೊಂಬಾಯಿಗೆ ಕಾಲಿಟ್ಟ ಪ್ಲೇಗು ರೈಲಿನ ಹಾದಿ ಹಿಡಿದು ಪುಣೆ, ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳನ್ನು ದಾಟಿ ತೆಂಕಣಕ್ಕೆ ಇಳಿಯಿತು. ಬೆಂಗಳೂರಿಗೆ ಅದು ಮುಟ್ಟಿದ್ದು 1898ರ ಆಗಸ್ಟ್ ಮಧ್ಯದಲ್ಲಿ. ಮೊದಲು ಬಿದ್ದವನು ಹುಬ್ಬಳ್ಳಿ ಕಡೆಯಿಂದ ಬಂದಿದ್ದ, ರೈಲ್ವೆ ಅಧಿಕಾರಿಯೊಬ್ಬರ ಮನೆಯ ಸೇವಕ. ಅಂದರೆ ರೋಗ ಊರು ಹೊಕ್ಕದ್ದು ಇಂದಿನ ಮೆಜೆಸ್ಟಿಕ್ಕಿನ ಸಿಟಿ ಸ್ಟೇಷನ್ ಬಾಗಿಲಿನಿಂದ. ಅಲ್ಲಿಂದ ಪೇಟೆಯ ಕಾಳಿನ ಮಂಡಿಗಳಿಗೆ ಎಷ್ಟು ದೂರ? ಇಲಿಗೂ ಅದು ದೂರವಲ್ಲ. ಒಂದಕ್ಕೊಂದು ಒತ್ತಿದ ಹೆಂಚಿನ ಮನೆಗಳು, ಕಿಟಕಿ ಇಲ್ಲದ ನಡುಮನೆ, ಹಿತ್ತಿಲಲ್ಲೇ ಕೊಟ್ಟಿಗೆ, ಅಂಗಡಿಯ ಹಿಂಬದಿಯಲ್ಲೇ ಮೂಟೆಗಳು. ಕೆಲವೇ ವಾರಗಳಲ್ಲಿ ಪೇಟೆಯ ಬೀದಿಗಳು ಬರಿದಾದವು.

ಸರ್ಕಾರ ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಆಗಿ ನೇಮಿಸಿತು. ಮುಂದೆ 1906ರಲ್ಲಿ ಇವರೇ ದಿವಾನರಾದರು. ರೋಗ ಕಂಡ ಮನೆಯವರನ್ನು ಊರಾಚೆಯ ಶೆಡ್ಡುಗಳಿಗೆ ಸಾಗಿಸುವುದು, ಮಾಡಿನ ಹೆಂಚು ತೆಗೆದು ಒಳಗೆ ಬಿಸಿಲು ಬೀಳಿಸುವುದು, ಸುಣ್ಣ ಬಳಿಯುವುದು, ಔಷಧದ ನೀರು ಎರಚುವುದು, ರೈಲಿನಲ್ಲಿ ಬಂದವರ ಕಂಕುಳು ಮುಟ್ಟಿ ನೋಡುವುದು. ರೋಗ ಹರಡುವುದರಲ್ಲಿ ಇಲಿ, ಚಿಗಟಗಳ ಪಾತ್ರ ಇನ್ನೂ ಎಲ್ಲರೂ ಒಪ್ಪಿದ ಸಂಗತಿಯಾಗಿರಲಿಲ್ಲ. ಕೆಟ್ಟ ಗಾಳಿ, ತೇವ, ಕತ್ತಲೆಗಳನ್ನು ಓಡಿಸಿದರೆ ರೋಗವೂ ಓಡುತ್ತದೆ ಎಂಬ ನಂಬಿಕೆ ವೈದ್ಯರಲ್ಲೂ ಇತ್ತು. ಜನರಿಗೆ ರೋಗದಷ್ಟೇ ಭಯ ತಪಾಸಣೆಯವರದು. ಸತ್ತವರನ್ನು ಮುಚ್ಚಿಟ್ಟವರು ಎಷ್ಟೋ, ಬೀಗ ಜಡಿದು ಹಳ್ಳಿ ಸೇರಿದವರು ಎಷ್ಟೋ. ಊರಂಚುಗಳಲ್ಲಿ ಪ್ಲೇಗಮ್ಮನ ಗುಡಿಗಳೆದ್ದವು.

1891ರ ಜನಗಣತಿಯಲ್ಲಿ ಸಿಟಿಯ ಜನಸಂಖ್ಯೆ 80,285. 1901ರಲ್ಲಿ ಅದು 69,447. ದಂಡೂ 1,00,081ರಿಂದ 89,599ಕ್ಕೆ ಇಳಿಯಿತು. ಸತ್ತವರು, ಊರು ಬಿಟ್ಟವರು ಇಬ್ಬರೂ ಈ ಇಳಿಕೆಯಲ್ಲಿದ್ದಾರೆ. ಸುಂಕ ನೆಚ್ಚಿದ ಪುರಸಭೆಗೆ ಇದರ ಅರ್ಥ ಸ್ಪಷ್ಟ. ಸರಕಿನ ಗಾಡಿ ಬಾರದಿದ್ದರೆ ಆದಾಯವಿಲ್ಲ, ರೋಗ ಇರುವಷ್ಟು ದಿನ ಖರ್ಚಿಗೆ ಕೊನೆಯಿಲ್ಲ.

ಈ ಹೊತ್ತಿನಲ್ಲಿ ಸಭೆ, ಠರಾವು, ಕೋರಂ ಯಾವುದಕ್ಕೂ ಪುರುಸೊತ್ತಿರಲಿಲ್ಲ. ಯಾವ ಮನೆ ತೆರವು ಮಾಡಬೇಕು, ಯಾವ ಗಲ್ಲಿ ಮುಚ್ಚಬೇಕು ಎಂಬುದು ಅಧಿಕಾರಿಯ ಬಾಯಿಮಾತಿನಲ್ಲಿ ನಡೆಯಿತು. ಆಪತ್ತಿನಲ್ಲಿ ಅದು ಅನಿವಾರ್ಯವೂ ಇರಬಹುದು. ಆದರೆ ಆಪತ್ಕಾಲದ ಅಧಿಕಾರ ಆಪತ್ತು ಹೋದ ಮೇಲೆ ತಾನಾಗಿ ಸಭೆಗೆ ಮರಳುವುದಿಲ್ಲ. ಊರಿನ ಭವಿಷ್ಯದ ರೂಪ ತೀರ್ಮಾನವಾದದ್ದೂ ಇದೇ ಹೊತ್ತಿನಲ್ಲಿ, ಇದೇ ಅಧಿಕಾರಿಗಳ ನಡುವೆ.

ಅಗಲ ಬೀದಿಗಳ ಊರು

ಪೇಟೆಯ ಇಕ್ಕಟ್ಟು ಸಡಿಲಿಸುವ ಯೋಚನೆ ಪ್ಲೇಗಿಗೂ ಹಳೆಯದು. 1892ರಲ್ಲೇ ಕೋಟೆಯ ಪಶ್ಚಿಮಕ್ಕೆ ಚಾಮರಾಜಪೇಟೆ ಎದ್ದಿತ್ತು. ಉದ್ದಕ್ಕೆ ಐದು ಮುಖ್ಯರಸ್ತೆ, ಅವನ್ನು ಕತ್ತರಿಸುವ ಅಡ್ಡರಸ್ತೆಗಳು. ಅತ್ತ ಶೇಷಾದ್ರಿಪುರವೂ ಅದೇ ಕಾಲದ್ದು. ಪ್ಲೇಗು ಈ ಯೋಚನೆಗೆ ಒಮ್ಮೆಲೇ ರಭಸ ಕೊಟ್ಟಿತು. ದಕ್ಷಿಣಕ್ಕೆ ಸುಂಕೇನಹಳ್ಳಿಯ ಬಳಿ, ದೊಡ್ಡ ಬಸವನ ಗುಡಿಯ ಸುತ್ತ 440 ಎಕರೆಯಲ್ಲಿ ಬಸವನಗುಡಿ. ಉತ್ತರಕ್ಕೆ ಕಾಡು ಮಲ್ಲೇಶ್ವರ ದೇವಸ್ಥಾನದ ಮಗ್ಗುಲಲ್ಲಿ 291 ಎಕರೆಯಲ್ಲಿ ಮಲ್ಲೇಶ್ವರ. ಜನ ಇವನ್ನು ಬಹುಕಾಲ 'ಎಕ್ಸ್‌ಟೆನ್ಷನ್' ಎಂದೇ ಕರೆದರು.

ಈ ಬಡಾವಣೆಗಳ ಒಂದು ಅಡ್ಡರಸ್ತೆಯಲ್ಲಿ ನಿಂತು ನೋಡಿದರೆ ಪ್ಲೇಗಿನ ಪಾಠ ಇವತ್ತಿಗೂ ಕಾಣುತ್ತದೆ. ಮುಂದೆ ಅಗಲ ಬೀದಿ, ಸಾಲು ಮರ. ನಿವೇಶನದ ಸುತ್ತ ಗಾಳಿಯಾಡಲು ಬಿಟ್ಟ ಜಾಗ. ಎರಡು ಮನೆಸಾಲುಗಳ ಬೆನ್ನುಗಳ ನಡುವೆ ಒಂದು ಕಿರಿದಾದ ಓಣಿ, ಕನ್ಸರ್ವೆನ್ಸಿ ಲೇನ್. ಒಳಚರಂಡಿ ಬರುವ ಮುಂಚೆ ಕಕ್ಕಸಿನ ಬಕೆಟ್ಟು ಹೊರಟು ಹೋಗುತ್ತಿದ್ದದ್ದು ಈ ಓಣಿಯಿಂದ. ಮನೆಯವರು ಮುಂಬಾಗಿಲಿಂದ ಓಡಾಡಿದರೆ ಹೊರುವವರು ಹಿಂಬಾಗಿಲಿಂದ ಬಂದು ಹೋಗಬೇಕು, ಒಬ್ಬರ ಮುಖ ಇನ್ನೊಬ್ಬರಿಗೆ ಕಾಣಬೇಕಾಗಿಲ್ಲ. ನೈರ್ಮಲ್ಯದ ನಕ್ಷೆಯೊಳಗೆ ಮಡಿಯ ನಕ್ಷೆಯೂ ಅಡಗಿತ್ತು. ಬ್ಲಾಕುಗಳನ್ನು ಸಮುದಾಯವಾರು ಹಂಚಿದ್ದರಲ್ಲಂತೂ ಅದು ಬಹಿರಂಗವಾಗಿಯೇ ಇತ್ತು. ಪೇಟೆಯ ಕೇರಿಗಳು ತಾವಾಗಿ ಕುಲವಾರು ಬೆಳೆದಿದ್ದವು. ಎಕ್ಸ್‌ಟೆನ್ಷನ್ನಿನಲ್ಲಿ ಅದನ್ನು ಸ್ಕೇಲು ಹಿಡಿದು ಗೆರೆ ಹಾಕಿ ಹಂಚಲಾಯಿತು.

ಯಾರು ಎಕ್ಸ್‌ಟೆನ್ಷನ್ನಿಗೆ ಹೋದರು? ಸೈಟು ಕೊಂಡು ಮನೆ ಕಟ್ಟಬಲ್ಲವರು. ಸರ್ಕಾರಿ ನೌಕರರು, ವಕೀಲರು, ಮೇಷ್ಟರುಗಳು, ವರ್ತಕರು. ನೇಕಾರರ ಮಗ್ಗ, ಕೂಲಿಯವರ ಗುಡಿಸಲು ಪೇಟೆಯಲ್ಲೇ ಉಳಿದವು. ಪುರಸಭೆಗೆ ಇದರಿಂದ ಎರಡು ಊರುಗಳ ಹೊಣೆ ಬಿತ್ತು. ಒಂದು ಕಡೆ ಉದ್ದುದ್ದ ರಸ್ತೆ, ದೂರದೂರದ ದೀಪಗಳು, ಕಡಿಮೆ ಮನೆಗಳು. ಇನ್ನೊಂದು ಕಡೆ ಕಿಕ್ಕಿರಿದ ಹಳೆಯ ಬೀದಿಗಳು, ಅವೇ ಹಳೆಯ ಮೋರಿಗಳು. ಓದಿದವರು, ಅರ್ಜಿ ಬರೆಯಬಲ್ಲವರು ಎಲ್ಲಿದ್ದರೋ ಅಲ್ಲಿಗೆ ಸೌಕರ್ಯ ಬೇಗ ಹೋಗುವುದು ಸಹಜ. ಅರ್ಜಿಯ ಇಂಗ್ಲಿಷ್ ಚೆನ್ನಾಗಿದ್ದರೆ ಇನ್ನೂ ಬೇಗ.

ದಂಡಿನ ಕಡೆಯೂ ಪ್ಲೇಗು ಬಡಾವಣೆಗಳನ್ನು ಹೆತ್ತಿತು. 1910ರ ಫ್ರೇಜರ್ ಟೌನ್ ಅದರಲ್ಲಿ ಮುಖ್ಯವಾದದ್ದು. ಅದನ್ನು ರೂಪಿಸಿದ ಜೆ.ಎಚ್. ಸ್ಟೀಫನ್ಸ್, ಪ್ಲೇಗು ಹೊಗದಂತೆ ಊರು ಕಟ್ಟುವ ಬಗೆ ಕುರಿತು 1914ರಲ್ಲಿ ಪುಸ್ತಕವನ್ನೇ ಬರೆದರು. ಅಷ್ಟರಲ್ಲಿ ಇಲಿಯ ಪಾತ್ರ ಖಚಿತವಾಗಿತ್ತು. ಹಾಗಾಗಿ ಇಲಿ ಕೊರೆಯಲಾಗದ ಅಡಿಪಾಯವೇ ಅಲ್ಲಿನ ದೊಡ್ಡ ಮಾತು.

ಹೊಸ ಶತಮಾನದ ಸೌಕರ್ಯಗಳೂ ಮೇಲಿನಿಂದಲೇ ಬಂದವು. ವಿಕ್ಟೋರಿಯಾ ಆಸ್ಪತ್ರೆಯನ್ನು 1900ರಲ್ಲಿ ವೈಸರಾಯ್ ಕರ್ಜನ್ ತೆರೆದರು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದ ವಿದ್ಯುತ್ತು 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗೂ ಬಂತು. ಖಾಸಗಿ ಔದಾರ್ಯವೂ ಸುಮ್ಮನಿರಲಿಲ್ಲ. ಸಿಟಿ ಸ್ಟೇಷನ್ ಎದುರಿಗೆ ಗುಬ್ಬಿ ತೋಟದಪ್ಪನವರ ಛತ್ರ 1903ರಲ್ಲಿ ತೆರೆದು, ರೈಲಿಳಿದ ಪರಸ್ಥಳದವರಿಗೆ ತಂಗಲು ಜಾಗವಾಯಿತು. ಊರಿಗೆ ಬರುವವರ ವ್ಯವಸ್ಥೆಯನ್ನು ಧರ್ಮಛತ್ರ ನೋಡಿಕೊಂಡಿತು, ಊರಲ್ಲಿರುವವರ ವ್ಯವಸ್ಥೆಯನ್ನು ಸರ್ಕಾರ ಗೊತ್ತುಮಾಡಿತು, ಇವೆರಡರ ಕಸ ಪುರಸಭೆಗೆ ಬಂತು.

ಪುಟ್ಟಣ್ಣ ಚೆಟ್ಟರ ಕಾಲ

ಕುರ್ಚಿಗಳ ಲೆಕ್ಕ ನಿಧಾನವಾಗಿ ಬದಲಾಯಿತು. 1906ರಲ್ಲಿ ಮೈಸೂರಿಗೆ ತನ್ನದೇ ಮುನಿಸಿಪಲ್ ರೆಗ್ಯುಲೇಷನ್ ಬಂತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಅಧಿಕಾರಿಯ ಜಾಗದಲ್ಲಿ ಗೌರವ ಅಧ್ಯಕ್ಷರನ್ನು ಕೂರಿಸುವ ಪದ್ಧತಿ ಶುರುವಾಯಿತು. 1920ರ ಹೊತ್ತಿಗೆ ಅಧ್ಯಕ್ಷಸ್ಥಾನವೂ ಚುನಾವಣೆಗೆ ಬಂತು. ಆ ಕಾಲದ ಅಧ್ಯಕ್ಷರಲ್ಲಿ ಜನ ನೆನೆಯುವ ಹೆಸರು ಕೆ.ಪಿ. ಪುಟ್ಟಣ್ಣ ಚೆಟ್ಟಿ. ಸರ್ಕಾರಿ ಸೇವೆಯಲ್ಲಿ ಮೇಲಕ್ಕೇರಿದವರು, ಪೇಟೆಯ ಜನರಿಗೂ ಬೇಕಾದವರು. ಸರ್ಕಾರದ ಕಡತದ ಭಾಷೆ, ಅಂಗಡಿ ಬೀದಿಯ ಭಾಷೆ ಎರಡೂ ಗೊತ್ತಿದ್ದ ಇಂಥವರೇ ಆ ಕಾಲಕ್ಕೆ ಬೇಕಿತ್ತು. 1935ರಲ್ಲಿ ಮಿರ್ಜಾ ಇಸ್ಮಾಯಿಲ್ ದಿವಾನಗಿರಿಯಲ್ಲಿ ತೆರೆದ ಪುರಭವನಕ್ಕೆ ಮುಂದೆ ಅವರ ಹೆಸರನ್ನೇ ಇಟ್ಟರು.

ದಪ್ಪ ಕಂಬಗಳ ಆ ಪುರಭವನ ಊರಿಗೆ ಒಂದು ಗತ್ತು ಕೊಟ್ಟಿತು. ಆದರೆ ಅದರ ಹಿಂದಿನ ಹತ್ತು ವರ್ಷ ಸಲೀಸಾಗಿರಲಿಲ್ಲ. 1920ರ ದಶಕದ ನಡುವೆ ಹೆಸರಘಟ್ಟ ಬತ್ತಿತು. ಸಮಿತಿ ನೇಮಿಸಿದವರು ಸರ್ಕಾರದವರು, ಮುಂದಾಳು ವಿಶ್ವೇಶ್ವರಯ್ಯ, ಉತ್ತರ 1933ರ ತಿಪ್ಪಗೊಂಡನಹಳ್ಳಿ ಜಲಾಶಯ. ಮೂವತ್ತು ವರ್ಷದ ಹಿಂದಿನ ಕ್ರಮವೇ ಮತ್ತೆ. ನೀರಿನ ಮೂಲ ಹುಡುಕುವವರು ಮೇಲಿನವರು, ನಲ್ಲಿ ಒಣಗಿದ ದಿನ ಬೈಗುಳ ಕೇಳುವವರು ವಾರ್ಡಿನ ಮೆಂಬರು. ಎಂಜಿನಿಯರುಗಳ ಕೆಲಸ ಕೀಳಾಗಿತ್ತು ಎಂದು ಯಾರೂ ಹೇಳಲಾರರು, ಅವರು ಮಾಡಿದ್ದು ದಶಕಗಳ ಕಾಲ ಬಾಳಿತು. ಆದರೆ ಒಳ್ಳೆಯ ಕೆಲಸವನ್ನು ಊರಿನ ಸಭೆಯ ಕೈ ದಾಟಿಸಿಯೇ ಮಾಡಬೇಕು ಎಂಬ ನಂಬಿಕೆಯೂ ಅದರೊಡನೆ ಬೇರುಬಿಟ್ಟಿತು.

ಒಂದಾದ ಊರು, ಹಂಚಿಹೋದ ಅಧಿಕಾರ

1947ರ ಜುಲೈನಲ್ಲಿ, ಸ್ವಾತಂತ್ರ್ಯಕ್ಕೆ ಮೂರು ವಾರ ಮುಂಚೆ, ದಂಡು ಪ್ರದೇಶ ಮೈಸೂರಿಗೆ ಮರಳಿತು. 1949ರ ಕಾಯ್ದೆ ಎರಡು ಪುರಸಭೆಗಳನ್ನು ಕೂಡಿಸಿ ಬೆಂಗಳೂರು ನಗರ ಕಾರ್ಪೊರೇಷನ್ ಮಾಡಿತು. 50 ವಿಭಾಗಗಳು, 70 ಚುನಾಯಿತ ಸದಸ್ಯರು. ವಯಸ್ಕರೆಲ್ಲರಿಗೂ ಮತ ಬರುವ ಕಾಲವೂ ಅದೇ. ಸಭೆಗೆ ಕೊನೆಗೂ ಊರಿನ ತುಂಬ ಮುಖ ಬಂತು. 1941ರಲ್ಲಿ ನಾಲ್ಕು ಲಕ್ಷ ಚಿಲ್ಲರೆ ಇದ್ದ ಊರು 1951ಕ್ಕೆ ಏಳೂಮುಕ್ಕಾಲು ಲಕ್ಷವಾಗಿತ್ತು.

ಸಭೆ ದೊಡ್ಡದಾದ ಅದೇ ವರ್ಷಗಳಲ್ಲಿ ಸಭೆಯ ಕೆಲಸ ಚಿಕ್ಕದಾಯಿತು ಎಂಬುದೇ ಈ ಇತಿಹಾಸದ ವಿಚಿತ್ರ. ಬಡಾವಣೆ ರೂಪಿಸುವುದು 1945ರಲ್ಲೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿಗೆ ಹೋಗಿತ್ತು. 1976ರಲ್ಲಿ ಅದು ಬಿಡಿಎ ಆಯಿತು. ನೀರು, ಒಳಚರಂಡಿ 1964ರಲ್ಲಿ ಜಲಮಂಡಳಿಗೆ ಹೋದವು. ಪುರಸಭೆ ಹುಟ್ಟಿದಾಗಿನಿಂದ ಅನ್ನ ಹಾಕಿದ್ದ ಆಕ್ಟ್ರಾಯ್ 1979ರಲ್ಲಿ ರದ್ದಾಯಿತು. ಅದರ ಬದಲಿಗೆ ಸರ್ಕಾರ ಕೊಡುವ ಅನುದಾನ ಕಾಯುವ ಕಾಲ ಬಂತು. ಸುಂಕ ಎತ್ತುವ ಸಂಕಟ ಹೋಯಿತು ನಿಜ, ತನ್ನ ದುಡ್ಡಿನ ಬಗ್ಗೆ ತಾನೇ ಜಗಳಾಡುವ ಹಕ್ಕೂ ಅದರ ಜೊತೆ ಹೋಯಿತು.

ಮೆಜೆಸ್ಟಿಕ್ಕಿನಲ್ಲಿ ಈ ಹಂಚಿಕೆ ಅಂಗೈ ನೆಲ್ಲಿಯಂತೆ ಕಾಣುತ್ತದೆ. ರೈಲು ನಿಲ್ದಾಣ ರೈಲ್ವೆಯದು. ದೂರದ ಊರುಗಳ ಬಸ್ಸು ಕೆಎಸ್‌ಆರ್‌ಟಿಸಿಯದು, ನಗರದ ಬಸ್ಸು ಬಿಎಂಟಿಸಿಯದು. ನೆಲದಡಿಯ ಮೆಟ್ರೊ, ಕೇಂದ್ರ ಮತ್ತು ರಾಜ್ಯ ಸೇರಿ ಮಾಡಿದ ಕಂಪನಿಯದು. ಕೊಳವೆ ಜಲಮಂಡಳಿಯದು, ದೀಪದ ವಿದ್ಯುತ್ತು ಬೆಸ್ಕಾಂನದು. ಇವೆಲ್ಲದರ ನಡುವಿನ ಗುಂಡಿ ಬಿದ್ದ ರಸ್ತೆ, ಫುಟ್‌ಪಾತು, ಕಸ ಪಾಲಿಕೆಯದು. ದಿನವೂ ಲಕ್ಷಾಂತರ ಜನ ಹಾದುಹೋಗುವ ಆ ಜಾಗ ಹೇಗಿರಬೇಕು ಎಂದು ಆ ವಾರ್ಡಿನವರು ಸಭೆ ಸೇರಿ ಗೊತ್ತುಮಾಡುವುದಕ್ಕೆ ಯಾವ ಮೇಜೂ ಇಲ್ಲ. ರಸ್ತೆ ಅಗೆದವರು ಯಾರು ಎಂದು ಕೇಳಿದರೆ ಒಂದೊಂದು ಸಂಸ್ಥೆಯೂ ಪಕ್ಕದವರ ಕಡೆ ಕೈ ತೋರಿಸುತ್ತದೆ.

ಸಂವಿಧಾನದ 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು, ನಗರ ಯೋಜನೆಯೂ ಸೇರಿದಂತೆ ಹದಿನೆಂಟು ಬಾಬತ್ತುಗಳನ್ನು ಪಟ್ಟಿ ಮಾಡಿ ಊರ ಸಭೆಗಳಿಗೆ ಕೊಡಿ ಎಂದಿತು. ಕಾಗದದ ಮೇಲೆ ಅದು ರಿಪ್ಪನ್ನನ ನಿರ್ಣಯವನ್ನು ಮೀರಿಸುವಂಥದು. ಆದರೆ ಬೆಂಗಳೂರಿನಲ್ಲಿ ಸಭೆಯೇ ಇಲ್ಲದ ಕಾಲಗಳು ಬಂದವು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆದ ಮೇಲೆ ಮೊದಲ ಚುನಾವಣೆ ನಡೆಯುವ ಹೊತ್ತಿಗೆ 2010 ಬಂದಿತ್ತು. 198 ವಾರ್ಡುಗಳ ಆ ಪಾಲಿಕೆಯ ಕೊನೆಯ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಡೆಸಿದರು. ಆಮೇಲೂ ಮುಂದುವರಿದ ಕೋವಿಡ್ಡಿನ ನಡುವೆ ಹೊತ್ತಿಗೊಂದು ಆದೇಶ ಹೊರಟಾಗಲೂ ಅದನ್ನು ಸಭೆಯಲ್ಲಿ ನಿಂತು ಪ್ರಶ್ನಿಸುವ ಕಾರ್ಪೊರೇಟರ್ ಇರಲಿಲ್ಲ. 1898ರಲ್ಲಾದರೂ ಪುರಸಭೆ ಎಂಬುದು ಕಾಗದದಲ್ಲಿತ್ತು.

2025ರ ಸೆಪ್ಟೆಂಬರ್‌ನಲ್ಲಿ ಊರು ಐದು ಪಾಲಿಕೆಗಳಾಯಿತು. ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು. ದೊಡ್ಡ ಊರಿಗೆ ದೊಡ್ಡ ಕೈ ಬೇಕು, ಇಲಾಖೆಗಳು ಒಂದೆಡೆ ಕೂರಬೇಕು ಎಂಬ ವಾದದಲ್ಲಿ ಹುರುಳಿದೆ. ಶೇಷಾದ್ರಿ ಅಯ್ಯರ್ ಕಾಲದಲ್ಲೂ ವಾದ ಇದೇ ಆಗಿತ್ತು, ಹೆಸರಘಟ್ಟದ ನೀರು ಅದಕ್ಕೆ ಸಾಕ್ಷಿಯೂ ಆಗಿತ್ತು. ಆದರೆ ದಿವಾನರನ್ನು ಕೇಳುವ ಹಕ್ಕು ಪುರಸಭೆಗೆ ಇರಲಿಲ್ಲ, ಯಾಕೆಂದರೆ ಅದು ರಾಜರ ಕಾಲ. ಈಗ ಆ ನೆಪ ಇಲ್ಲ. ಐದು ಪಾಲಿಕೆಗಳ ಮೆಂಬರುಗಳ ಮುಂದೆ ಕಾರ್ಯಸೂಚಿಯಾಗಿ ಬರುವುದು ಸುರಂಗರಸ್ತೆಯ, ಕೆರೆಯ, ಬಡಾವಣೆಯ ನಕ್ಷೆಯೋ, ಆ ನಕ್ಷೆಗಳಿಂದ ಹುಟ್ಟಿದ ಕಸದ ಲೆಕ್ಕವೋ ಎಂಬುದನ್ನು ಮತ ಹಾಕುವವರು ನೋಡಬೇಕು. ಲೆಕ್ಕವಷ್ಟೇ ಬರುವುದಾದರೆ ಪಾಲಿಕೆ ಐದಾದರೂ ಒಂದೇ, ಐವತ್ತಾದರೂ ಒಂದೇ.